ಹಣಕಾಸು ಕಚೇರಿಯ ಹೊಸಬರಿಗೆ ಯಾವ ಕೈಗಡಿಯಾರ?

ಬೋನಸ್ಸಿನ ಪತ್ರಗಳು ಕೈಸೇರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಈ ಸಲ ಅದನ್ನು ಕೇಳಿದವರು ಮೂವರು. ಒಬ್ಬರು ಸಿ.ಎ. ಮುಗಿಸಿ ಬೆಂಗಳೂರಿನ ಆಡಿಟ್ ಸಂಸ್ಥೆಯೊಂದಕ್ಕೆ ಸೇರಿ ಒಂದು ವರ್ಷವಾದವರು. ಇನ್ನೊಬ್ಬರು ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಹೂಡಿಕೆ ಬ್ಯಾಂಕಿನ ಅನಲಿಸ್ಟ್ ಆಗಿರುವ ಹುಬ್ಬಳ್ಳಿಯ ಯುವತಿ. ಮೂರನೆಯವರು ದಾವಣಗೆರೆಯ ಸರ್ಕಾರಿ ಬ್ಯಾಂಕ್ ಶಾಖೆಯಲ್ಲಿ ಪ್ರೊಬೇಷನರಿ ಅಧಿಕಾರಿ. ಕೆಲಸಕ್ಕೆ ಸೇರಿದ ಹೊಸದರಲ್ಲೇ ದುಬಾರಿ ಗಡಿಯಾರ ಕಟ್ಟಿಕೊಂಡು ಹೋದರೆ ತಪ್ಪೇ, ತಪ್ಪಲ್ಲದಿದ್ದರೆ ಎಷ್ಟು ಬೆಲೆಯವರೆಗೆ ಹೋಗಬಹುದು ಎಂಬುದು ಮೂವರ ಪ್ರಶ್ನೆ. ಪೆನ್ನು, ಚೀಲ, ಬೂಟುಗಳ ಮಾತೂ ಇದರೊಡನೆ ಬರುತ್ತದೆ. ಅವನ್ನು ಕೊನೆಗೆ ನೋಡೋಣ, ಏಕೆಂದರೆ ಹೆಚ್ಚಿನವರ ಗೊಂದಲವಿರುವುದು ಗಡಿಯಾರದ ವಿಷಯದಲ್ಲಿಯೇ.

ಈ ಪ್ರಶ್ನೆ ಸಾಫ್ಟ್‌ವೇರ್ ಕಚೇರಿಯಲ್ಲಿ ಹುಟ್ಟುವುದು ಕಡಿಮೆ, ಹಣಕಾಸಿನ ಕಚೇರಿಯಲ್ಲಿ ಹೆಚ್ಚು, ಅದಕ್ಕೆ ಕಾರಣವಿದೆ. ನಮ್ಮ ಸುತ್ತ ಕುಳಿತವರೆಲ್ಲರೂ ಇತರರ ಆದಾಯಕ್ಕೂ ಖರ್ಚಿಗೂ ತಾಳೆ ನೋಡುವುದನ್ನೇ ವೃತ್ತಿ ಮಾಡಿಕೊಂಡವರು. ಸಾಲದ ಅರ್ಜಿ ನೋಡಿ ನೋಡಿ ಪಳಗಿದ ಕಣ್ಣು ಸಹೋದ್ಯೋಗಿಯ ಮಣಿಕಟ್ಟನ್ನೂ ಹಾಗೆಯೇ ನೋಡುತ್ತದೆ. ನಿಮ್ಮ ಹುದ್ದೆಯ ಸಂಬಳವೆಷ್ಟು ಎಂಬುದು ಮೇಲಧಿಕಾರಿಗೆ ಗೊತ್ತು, ಗಡಿಯಾರದ ಬೆಲೆಯೂ ಗೊತ್ತು. ಉಳಿದ ಲೆಕ್ಕ ತಾನಾಗಿ ನಡೆಯುತ್ತದೆ. ವಂಚನೆ ಪತ್ತೆಹಚ್ಚುವವರ ಅಂತರರಾಷ್ಟ್ರೀಯ ಸಂಘವಾದ ಅಸೋಸಿಯೇಷನ್ ಆಫ್ ಸರ್ಟಿಫೈಡ್ ಫ್ರಾಡ್ ಎಗ್ಸಾಮಿನರ್ಸ್ ಎರಡು ವರ್ಷಕ್ಕೊಮ್ಮೆ ಹೊರತರುವ ವರದಿಗಳಲ್ಲಿ, ಕಚೇರಿಯೊಳಗಿನ ವಂಚಕರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಸುಳಿವು ಆದಾಯಕ್ಕೆ ಮೀರಿದ ಜೀವನಶೈಲಿ. ಆಂತರಿಕ ತಪಾಸಣೆಯ ತರಬೇತಿಗಳಲ್ಲಿಯೂ ಇದನ್ನೇ ಹೇಳಿಕೊಡುತ್ತಾರೆ. ಗಡಿಯಾರ ಕಟ್ಟಿದವರೆಲ್ಲ ಅನುಮಾನಕ್ಕೆ ಗುರಿಯಾಗುತ್ತಾರೆಂದು ಇದರ ಅರ್ಥವಲ್ಲ. ಆದರೆ ಆ ಕಣ್ಣುಗಳ ಮುಂದೆ ನಡೆದಾಡುತ್ತಿದ್ದೇವೆ ಎಂಬ ಅರಿವು ಇರಬೇಕು.

ಅದೇ ವೇಳೆ, ಬರಿಗೈಯಲ್ಲಿ ಹೋಗುವುದೇ ಕ್ಷೇಮವೆಂದೂ ಹೇಳಲಾಗದು. ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕು 2010ರಲ್ಲಿ ತನ್ನ ಕೆಲವು ಶಾಖೆಗಳ ಸಿಬ್ಬಂದಿಗೆ 40ಕ್ಕೂ ಹೆಚ್ಚು ಪುಟಗಳ ಉಡುಪಿನ ಕೈಪಿಡಿಯೊಂದನ್ನು ಕೊಟ್ಟಿತ್ತು. ಒಳಉಡುಪಿನ ಬಣ್ಣದವರೆಗೂ ಹೋದ ಆ ಕೈಪಿಡಿಯನ್ನು ಜಗತ್ತೆಲ್ಲ ಗೇಲಿ ಮಾಡಿತಾದರೂ, ಕೈಗಡಿಯಾರ ಕಟ್ಟಿಕೊಳ್ಳಿ, ಅದು ನಂಬಿಕೆಯನ್ನೂ ಸಮಯಪಾಲನೆಯನ್ನೂ ಸೂಚಿಸುತ್ತದೆ ಎಂಬ ಅದರ ಸಲಹೆಯನ್ನು ತಪ್ಪೆನ್ನುವುದು ಕಷ್ಟ. 2019ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕಾದ ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ಸಂಸ್ಥೆಯೇ ಸೂಟು-ಟೈಗಳ ಕಟ್ಟುನಿಟ್ಟನ್ನು ಸಡಿಲಿಸಿತು. ಟೈ ಹೋದ ಮೇಲೆ ಒಬ್ಬರ ಅಭಿರುಚಿಯನ್ನು ಹೇಳುವ ವಸ್ತುಗಳಲ್ಲಿ ಉಳಿದದ್ದು ಗಡಿಯಾರ ಮತ್ತು ಬೂಟು ಮಾತ್ರ. ಆದ್ದರಿಂದ ಗಡಿಯಾರದ ತೂಕ ಮೊದಲಿಗಿಂತ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಅಳೆಯುವ ಕೋಲು

ಮೊದಲ ಅಳತೆ, ಮೇಜಿನ ಆಚೆ ಕಡೆ ಯಾರು ಕುಳಿತಿರುತ್ತಾರೆ ಎಂಬುದು. ನನ್ನ ಮಟ್ಟಿಗೆ ಇದು ಬೆಲೆಗಿಂತಲೂ ಮುಖ್ಯ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಸಾಲ ವಿಭಾಗದಲ್ಲಿದ್ದಾಗ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಪರಿಶೀಲನೆಗೆ ನಾನು ಭಾವನ ಸ್ವಿಸ್ ಗಡಿಯಾರವನ್ನು ಕಟ್ಟಿಕೊಂಡು ಹೋಗಿದ್ದೆ. ಲೇತ್ ಯಂತ್ರದ ಸಾಲಕ್ಕೆ ಅರ್ಜಿ ಹಾಕಿದ್ದ ಮಾಲೀಕರು ಕಾಗದಗಳನ್ನು ತೋರಿಸುತ್ತ ತೋರಿಸುತ್ತ ನನ್ನ ಕೈ ನೋಡಿ, "ನನ್ನ ಮೆಷಿನ್ನಿನ ಒಂದು ವರ್ಷದ ಕಂತು ನಿಮ್ಮ ಕೈಯಲ್ಲೇ ಇದೆಯಲ್ಲ ಸಾರ್" ಎಂದು ನಕ್ಕರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಆದರೆ ಆ ಬಳಿಕ ಪ್ರೊಸೆಸಿಂಗ್ ಶುಲ್ಕದ ಬಗ್ಗೆ ನಾನು ಹೇಳಿದ್ದನ್ನೆಲ್ಲ ಅವರು ಅನುಮಾನದಿಂದಲೇ ಕೇಳಿದರೆಂದು ನನಗೆ ಅನ್ನಿಸಿತು. ಗಡಿಯಾರ ನನ್ನದಲ್ಲವೆಂದು ಅಲ್ಲಿ ಹೇಳುವಂತಿರಲಿಲ್ಲ; ಹೇಳಿದ್ದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು.

ಎರಡನೆಯದು, ಕೈಗೆ ಬರುವ ಸಂಬಳದ ಎಷ್ಟನೆಯ ಪಾಲು ಎಂಬುದು. ಶಿಕ್ಷಣ ಸಾಲದ ಕಂತು ಇನ್ನೂ ನಡೆಯುತ್ತಿದ್ದರೆ ಅಥವಾ ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದಿದ್ದರೆ, ಅರ್ಧ ತಿಂಗಳ ಸಂಬಳವನ್ನು ದಾಟಬಾರದೆಂದು ನಾನು ಹೇಳುತ್ತೇನೆ. ಎರಡೂ ತೊಡಕು ಇಲ್ಲದವರು ಒಂದೂವರೆ ತಿಂಗಳವರೆಗೆ ಹೋದರೂ ಆಕ್ಷೇಪವಿಲ್ಲ. ಮೂರನೆಯದು, ಕೊಂಡ ಮೇಲಿನ ಖರ್ಚು. ನಾಲ್ಕನೆಯದು, ಉದ್ಯೋಗದಾತರ ನಿಯಮ. ಐದನೆಯದನ್ನು ಅಳತೆಯೆನ್ನುವುದಕ್ಕಿಂತ ಪರೀಕ್ಷೆ ಎನ್ನಬಹುದು: ಇದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಒಂದೇ ವಾಕ್ಯದಲ್ಲಿ, ತಡವರಿಸದೆ, ನಿಜವಾದ ಉತ್ತರ ಹೇಳಲು ನಿಮಗೆ ಸಾಧ್ಯವೇ?

ಸಾವಿರ ರೂಪಾಯಿಯ ಡಿಜಿಟಲ್ ಮತ್ತು ಸ್ಮಾರ್ಟ್ ವಾಚು

1989ರಿಂದ ಮಾರುಕಟ್ಟೆಯಲ್ಲಿರುವ ಕ್ಯಾಸಿಯೋ ಎಫ್-91ಡಬ್ಲ್ಯೂ ಇಂದಿಗೂ ಸಾವಿರ-ಸಾವಿರದೈನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಸೆಲ್ಲು ವರ್ಷಗಟ್ಟಲೆ ಬಾಳುತ್ತದೆ. ಬ್ಯಾಕ್ ಆಫೀಸಿನ ಕೆಲಸದವರಿಗೆ, ಅಂದರೆ ಗ್ರಾಹಕರ ಮುಖವನ್ನೇ ನೋಡದೆ ಮಾನ್ಯತಾ ಟೆಕ್ ಪಾರ್ಕಿನಲ್ಲೋ ಔಟರ್ ರಿಂಗ್ ರಸ್ತೆಯಲ್ಲೋ ಕುಳಿತು ವಿದೇಶಿ ಬ್ಯಾಂಕಿನ ಲೆಕ್ಕ ನೋಡುವವರಿಗೆ, ಇದಕ್ಕಿಂತ ಹೆಚ್ಚಿನದು ನಿಜಕ್ಕೂ ಬೇಕಿಲ್ಲ. ಗ್ರಾಹಕರನ್ನು ಕಾಣುವ ಕೆಲಸದಲ್ಲಿ ಮಾತ್ರ ರಬ್ಬರಿನ ಪಟ್ಟಿ ಸ್ವಲ್ಪ ಹುಡುಗಾಟವೆನಿಸಬಹುದು.

ಸ್ಮಾರ್ಟ್ ವಾಚಿನ ಕಥೆ ಬೇರೆ. ಆ್ಯಪಲ್ ಕಂಪನಿಯದಾದರೆ ಸುಮಾರು 25 ಸಾವಿರದಿಂದ ಶುರುವಾಗಿ ಮೇಲೆ ಹೋಗುತ್ತದೆಯಾದರೂ ಅದನ್ನು ಯಾರೂ ಶೋಕಿಯೆಂದು ಎಣಿಸುವುದಿಲ್ಲ. ಫೋನಿನ ಹಾಗೆ ಅದೂ ಒಂದು ಸಲಕರಣೆ ಎಂಬ ಭಾವನೆಯಿದೆ. ಅದರ ದೋಷಗಳು ಎರಡು. ಸಭೆಯ ನಡುವೆ ಸಂದೇಶ ಬಂದು ಮಿನುಗಿದಾಗ ನೀವು ಕೈಯತ್ತ ಕಣ್ಣು ಹಾಯಿಸಿದರೆ, ಎದುರಿನವರಿಗೆ ಅದು ಇನ್ನೆಷ್ಟು ಹೊತ್ತು ಎಂದು ಕೇಳಿದಂತೆ ಕಾಣುತ್ತದೆ. ಎರಡನೆಯದಾಗಿ, ಮ್ಯೂಚುವಲ್ ಫಂಡುಗಳ ಡೀಲಿಂಗ್ ರೂಮಿನಂಥ (ಷೇರು ಕೊಳ್ಳುವ-ಮಾರುವ ಕೊಠಡಿ) ಕಡೆಗಳಲ್ಲಿ ಮೊಬೈಲಿಗೆ ಪ್ರವೇಶವಿಲ್ಲ, ಮಾತುಕತೆಯೆಲ್ಲ ಧ್ವನಿಮುದ್ರಣವಾಗುವ ದೂರವಾಣಿಯಲ್ಲೇ ನಡೆಯಬೇಕು. ಅಂಥಲ್ಲಿ ಸಂದೇಶ ಕಳುಹಿಸಬಲ್ಲ ಗಡಿಯಾರವನ್ನೂ ಬಾಗಿಲಲ್ಲೇ ಬಿಚ್ಚಿಡಬೇಕಾಗಬಹುದು. ಮೂರು-ನಾಲ್ಕು ವರ್ಷಕ್ಕೆ ಹಳತಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟೈಟನ್ ಮತ್ತು ಅದರ ಓರಗೆಯವು

ಮೂರರಿಂದ ಹನ್ನೆರಡು ಸಾವಿರದವರೆಗಿನ ಸ್ಟೀಲ್ ಅಥವಾ ಚರ್ಮದ ಪಟ್ಟಿಯ, ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳು ನನ್ನ ದೃಷ್ಟಿಯಲ್ಲಿ ಹೊಸಬರ ಸಹಜ ಜಾಗ. ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯೂ ಸೇರಿ 1984ರಲ್ಲಿ ಕಟ್ಟಿದ ಟೈಟನ್ನಿನ ಕಾರ್ಖಾನೆ ಹೊಸೂರಿನಲ್ಲಿದೆ, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಜಿಲ್ಲಾ ಕೇಂದ್ರಗಳಲ್ಲೆಲ್ಲ ಅಂಗಡಿಯಿರುವುದರಿಂದ ಸೆಲ್ಲು ಬದಲಿಸಲು, ಚೈನಿನ ಕೊಂಡಿ ತೆಗೆಸಲು ಪರದಾಡಬೇಕಿಲ್ಲ. ಸ್ವಲ್ಪ ಹೆಚ್ಚು ಕೊಡಬಲ್ಲವರಿಗೆ ಅವರದೇ ಎಡ್ಜ್ ಇದೆ. ಕೇವಲ 3.5 ಮಿಲಿಮೀಟರ್ ದಪ್ಪದ ಮಾದರಿಯಿಂದ ಹೆಸರು ಮಾಡಿದ ಈ ಸಾಲಿನ ಗಡಿಯಾರ ಅಂಗಿಯ ತೋಳಿನೊಳಗೆ ಸದ್ದಿಲ್ಲದೆ ಸರಿಯುತ್ತದೆ. ಬೇಕೆಂದಾಗ ಕಾಣುವ, ಬೇಡವೆಂದಾಗ ಮರೆಯಾಗುವ ಗುಣ ಹೊಸಬರಿಗೆ ಎಷ್ಟು ಅನುಕೂಲವೆಂಬುದು ಬಳಸಿದ ಮೇಲೆ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ದುಬಾರಿ ಗಡಿಯಾರ ಹೆಚ್ಚು ನಿಖರವಾಗಿ ಸಮಯ ತೋರಿಸುತ್ತದೆಂದು ಅನೇಕರು ನಂಬಿದ್ದಾರೆ. ಸಾಧಾರಣ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ಹದಿನೈದು-ಇಪ್ಪತ್ತು ಸೆಕೆಂಡು ಆಚೀಚೆಯಾಗುತ್ತದೆ. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆಯಲ್ಲಿ, ಅಂದರೆ ನಿಖರತೆಯ ಪರೀಕ್ಷೆಯಲ್ಲಿ, ತೇರ್ಗಡೆಯಾದ ಸೆಲ್ಲಿಲ್ಲದ ಯಾಂತ್ರಿಕ ಗಡಿಯಾರಕ್ಕೆ ದಿನವೊಂದಕ್ಕೇ ನಾಲ್ಕು ಸೆಕೆಂಡು ಹಿಂದೆ ಅಥವಾ ಆರು ಸೆಕೆಂಡು ಮುಂದೆ ಹೋಗಲು ಅವಕಾಶವಿದೆ. ಲಕ್ಷಗಳನ್ನು ಕೊಡುವುದು ಕುಶಲಕರ್ಮಕ್ಕೆ, ಲೋಹಕ್ಕೆ, ಹೆಸರಿಗೆ, ಸಮಯಕ್ಕಂತೂ ಅಲ್ಲ.

ನಡುಮಟ್ಟದ ಆಟೋಮ್ಯಾಟಿಕ್

ಇಪ್ಪತ್ತೈದು ಸಾವಿರದಿಂದ ಎಂಬತ್ತು ಸಾವಿರದವರೆಗಿನ, ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವ ಈ ಸಾಲಿನಲ್ಲಿ ಸೀಕೋ 5, ಸಿಟಿಜನ್, ಟಿಸ್ಸೋ ಬರುತ್ತವೆ. ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲುಪಾಲು ಟಿಸ್ಸೋ ಕುರಿತಾದವು. 1853ರಿಂದ ನಡೆದುಬಂದ ಸ್ವಿಸ್ ಹೆಸರು, ಒಮ್ಮೆ ಪೂರ್ತಿ ಕೀಲಿ ತುಂಬಿದರೆ ಎಂಬತ್ತು ಗಂಟೆ ನಡೆಯುವ ಯಂತ್ರ, ಶನಿವಾರ-ಭಾನುವಾರ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ನಿಂತಿರುವುದಿಲ್ಲ ಎಂಬ ಸೌಕರ್ಯ. ಗಡಿಯಾರ ಬಲ್ಲ ಮೇಲಧಿಕಾರಿ ಇದನ್ನು ಮೆಚ್ಚುತ್ತಾರೆ, ಅರಿಯದವರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಈ ಎರಡೂ ನಿಮಗೆ ಲಾಭವೇ. ಹೂಡಿಕೆ ಬ್ಯಾಂಕು, ಖಾಸಗಿ ಸಂಪತ್ತು ನಿರ್ವಹಣೆ, ದೊಡ್ಡ ಕಂಪನಿಗಳ ಸಲಹಾ ಕೆಲಸದಲ್ಲಿರುವವರಿಗೆ ಹೊಸದರಲ್ಲಿ ಇದೇ ಮೇಲ್ಮಿತಿಯೆಂದು ನಾನು ಭಾವಿಸುತ್ತೇನೆ.

ತೊಡಕು ಇರುವುದು ಕೊಳ್ಳುವ ವಿಧಾನದಲ್ಲಿ. ಎಪ್ಪತ್ತು ಸಾವಿರದ ಗಡಿಯಾರವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ, ತಿಂಗಳಿಗೆ ಶೇ. 3.5ರ ದರದಲ್ಲಿ ಮೊದಲ ತಿಂಗಳೇ ಸುಮಾರು 2,450 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18ರಂತೆ 441 ರೂಪಾಯಿ ಜಿಎಸ್‌ಟಿ ಬೀಳುತ್ತದೆ. ಒಂದು ಒಳ್ಳೆಯ ಕ್ಯಾಸಿಯೋ ಬೆಲೆ ಪ್ರತಿ ತಿಂಗಳೂ ಗಾಳಿಗೆ ಹೋದ ಹಾಗೆ. "ನೋ ಕಾಸ್ಟ್ ಇಎಂಐ" ಎಂಬ ಫಲಕದ ಹಿಂದೆಯೂ ಬಡ್ಡಿ ಇದ್ದೇ ಇರುತ್ತದೆ. ಅಷ್ಟನ್ನು ರಿಯಾಯಿತಿಯ ರೂಪದಲ್ಲಿ ಹೊಂದಿಸಿದರೂ ಬಡ್ಡಿಯ ಮೇಲಿನ ಜಿಎಸ್‌ಟಿಯನ್ನೂ ಪ್ರೊಸೆಸಿಂಗ್ ಶುಲ್ಕವನ್ನೂ ಕೊಳ್ಳುವವರೇ ಹೊರುವುದು ರೂಢಿ. ಇತರರಿಗೆ ಸಾಲದ ಪಾಠ ಹೇಳುವ ನಾವೇ ಇದನ್ನು ಲೆಕ್ಕ ಹಾಕದೆ ಸಹಿ ಮಾಡುವುದನ್ನು ನೋಡಿದಾಗ ನನಗೆ ನಗು ಬರುತ್ತದೆ. ಐದಾರು ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ ಎಣ್ಣೆ ಹಾಕಿಸುವ ಖರ್ಚೂ ಇದೆ.

ರೋಲೆಕ್ಸ್, ಒಮೆಗಾ

ಐದಾರು ಲಕ್ಷದಿಂದ ಮೇಲಿನ ಈ ಲೋಕದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆಯಾದರೂ, ಎದುರುವಾದವನ್ನು ಮೊದಲು ಹೇಳುವುದು ನ್ಯಾಯ. ಉಕ್ಕಿನ ರೋಲೆಕ್ಸ್‌ನ ಕೆಲವು ಮಾದರಿಗಳು ಕೊಂಡ ಬೆಲೆಗೇ, ಕೆಲವೊಮ್ಮೆ ಅದಕ್ಕೂ ಹೆಚ್ಚಿಗೆ ಮಾರಾಟವಾಗಿರುವುದುಂಟು. ಹತ್ತು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿದರೆ ಮಗಳ ಕಾಲಕ್ಕೂ ಓಡುತ್ತದೆ. ಹೀಗಾಗಿ ಇದು ಖರ್ಚಲ್ಲ, ಆಸ್ತಿ ಎಂಬ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಮರುಮಾರಾಟದ ಬೆಲೆ ಏರಿದ ಹಾಗೆ ಇಳಿಯಲೂ ಬಲ್ಲದು. ಬಡ್ಡಿಯಾಗಲಿ ಲಾಭಾಂಶವಾಗಲಿ ಕೊಡದ, ದಿನವೂ ಗೀರು ಬೀಳುವ, ಮುಂಬೈ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಕೈಯಲ್ಲಿರುವ ವಸ್ತುವನ್ನು ಆಸ್ತಿಯೆಂದು ಕರೆಯುವವರು ತಮ್ಮ ಗ್ರಾಹಕರಿಗೂ ಅಂಥದೇ ಸಲಹೆ ಕೊಡುತ್ತಾರೆಯೇ?

ಕಾಗದದ ಜಾಡೂ ಇದೆ. 2025ರ ಏಪ್ರಿಲ್ 22ರಂದು ಜಾರಿಗೆ ಬಂದ ನಿಯಮದಂತೆ ಹತ್ತು ಲಕ್ಷ ರೂಪಾಯಿ ಮೀರಿದ ಕೈಗಡಿಯಾರ, ಕೈಚೀಲ, ಬೂಟು, ತಂಪು ಕನ್ನಡಕಗಳ ಮೇಲೆ ಮಾರುವವರು ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕು. ಆ ಹಣ ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ನಷ್ಟವಿಲ್ಲ. ಆದರೆ ಖರೀದಿಯ ವಿವರ ನಿಮ್ಮ ಪ್ಯಾನ್ ಸಂಖ್ಯೆಯಡಿ ದಾಖಲಾಗುತ್ತದೆ. ಸರ್ಕಾರಿ ಬ್ಯಾಂಕಿನ ಅಧಿಕಾರಿಗಳಿಗೆ ಇನ್ನೊಂದು ಹೆಜ್ಜೆ ಮುಂದೆ: ಕೆನರಾ ಬ್ಯಾಂಕಿನ 1976ರ ಅಧಿಕಾರಿ ನಡತೆ ನಿಯಮಗಳಂಥ ನಿಯಮಾವಳಿಗಳಲ್ಲಿ ವರ್ಷಕ್ಕೊಮ್ಮೆ ಆಸ್ತಿ-ಹೊಣೆಗಳ ವಿವರ ಸಲ್ಲಿಸಬೇಕು, ನಿಗದಿತ ಮಿತಿ ದಾಟಿದ ಚರಾಸ್ತಿಯ ವ್ಯವಹಾರವನ್ನು ವರದಿ ಮಾಡಬೇಕು. ಗಡಿಯಾರವೂ ಚರಾಸ್ತಿಯೇ. ಗ್ರಾಹಕರೊಬ್ಬರು ದೀಪಾವಳಿಗೆ ಪ್ರೀತಿಯಿಂದ ಕೊಟ್ಟದ್ದಾದರಂತೂ ಅದನ್ನು ಕಟ್ಟಿಕೊಳ್ಳುವ ಪ್ರಶ್ನೆಯೇ ಏಳದು. ಅಂದೇ ಹಿಂತಿರುಗಿಸಿ, ಹಿಂತಿರುಗಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಬೇಕು.

ಇನ್ನು ಕಚೇರಿಯ ಒಳಮಾತು. ಡೈರೆಕ್ಟರ್ ಟಿಸ್ಸೋ ಕಟ್ಟಿರುವಾಗ ಅನಲಿಸ್ಟ್ ರೋಲೆಕ್ಸಿನ ಸಬ್‌ಮರೀನರ್ ಕಟ್ಟಿ ಬಂದರೆ ಎದುರಿಗೆ ಯಾರೂ ಏನೂ ಹೇಳುವುದಿಲ್ಲ. ಹಿಂದಿನಿಂದ ಮಾತ್ರ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಲ್ಪನ ಗಾದೆ ಓಡಾಡುತ್ತದೆ. ಬೋನಸ್ ಹಂಚುವ ಸಭೆಯಲ್ಲಿ ಇವನಿಗೇನು ಕೊರತೆ ಎಂಬ ಮಾತು ಬಂದರೆ ಅದರಿಂದಾದ ನಷ್ಟವನ್ನು ಅಳೆಯುವ ಸಾಧನ ನಿಮ್ಮ ಬಳಿ ಇರುವುದಿಲ್ಲ. ಸ್ವಂತ ದುಡಿಮೆಯಿಂದ, ಸಾಲವಿಲ್ಲದೆ ಕೊಂಡಿದ್ದರೂ ಅದನ್ನು ವಾರಾಂತ್ಯಕ್ಕೆ, ಮದುವೆ-ಮುಂಜಿಗೆ ಇಟ್ಟುಕೊಳ್ಳುವುದು ಮೊದಲ ಮೂರ್ನಾಲ್ಕು ವರ್ಷಗಳ ಮಟ್ಟಿಗೆ ಜಾಣತನ.

ಅಜ್ಜನ ಎಚ್‌ಎಂಟಿ, ಅಪ್ಪನ ಒಮೆಗಾ

ಮನೆಯಿಂದ ಬಂದ ಗಡಿಯಾರಕ್ಕೆ ಬೇರೆಯದೇ ಮರ್ಯಾದೆ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಿಂದ ಬಂದ ಜನತಾ, ಪೈಲಟ್‌ಗಳಲ್ಲಿ ಒಂದಾದರೂ ನಮ್ಮ ಕಡೆಯ ಎಷ್ಟೋ ಮನೆಗಳ ಬೀರುವಿನಲ್ಲಿದೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿದ ಮೇಲೆ ಅವುಗಳ ಮೇಲಿನ ಅಕ್ಕರೆ ಇನ್ನೂ ಹೆಚ್ಚಿತು. ದಿನವೂ ಬೆಳಿಗ್ಗೆ ಕೀಲಿ ಕೊಡಬೇಕು, ನೀರು ತಾಗಿಸಬಾರದು, ಬಿಡಿಭಾಗ ಸಿಗುವುದು ಕಷ್ಟ; ಇಷ್ಟನ್ನು ಸಹಿಸಿದರೆ ಹಣಕಾಸಿನ ಯಾವ ಮೇಜಿಗೂ ಇದು ಒಪ್ಪುತ್ತದೆ. ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇದರಷ್ಟು ಒಳ್ಳೆಯ ಉತ್ತರ ಇನ್ನಾವುದಕ್ಕೂ ಇಲ್ಲ. ಮನೆಯಲ್ಲಿಲ್ಲದವರು ಆನ್‌ಲೈನಿನಲ್ಲಿ ಕೊಳ್ಳುವಾಗ ಎಚ್ಚರವಿರಲಿ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವುದು ದೊಡ್ಡ ವ್ಯಾಪಾರವಾಗಿದೆ. ತೀರಾ ಹೊಳೆಯುವ, ಗಾಢ ಬಣ್ಣದ ಡಯಲ್ ಕಂಡರೆ ಅನುಮಾನಪಡಿ.

ಅಪ್ಪ ಕೊಟ್ಟ ಒಮೆಗಾ ಆದರೆ ಉತ್ತರ ಅಷ್ಟೇ ಸರಳವಾದರೂ, ಕೇಳುವ ಅವಕಾಶವಿಲ್ಲದ ಗ್ರಾಹಕರು ಬೆಲೆಯನ್ನಷ್ಟೇ ಓದುತ್ತಾರೆ. ಸಹೋದ್ಯೋಗಿಗಳೊಡನೆ ಇರುವ ದಿನ ಕಟ್ಟಿ, ಸಾಲಗಾರರನ್ನು ಕಾಣುವ ದಿನ ಬೇಡ.

"ಫಸ್ಟ್ ಕಾಪಿ" ಎಂಬ ಹೆಸರಿನಲ್ಲಿ ಮೂರು ಸಾವಿರಕ್ಕೆ ಸಿಗುವ ನಕಲಿ ರೋಲೆಕ್ಸ್ ಬಗ್ಗೆ ಹೆಚ್ಚು ಹೇಳಲಾರೆ. ದಾಖಲೆಗಳ ಅಸಲಿತನ ಪರೀಕ್ಷಿಸುವ ಕೆಲಸದವರು ಕೈಯಲ್ಲಿ ನಕಲಿ ಕಟ್ಟಿಕೊಂಡು ಕೂರುವುದು ಹೇಗೆ? ಅಸಲಿಯ ಸೆಕೆಂಡ್ ಮುಳ್ಳು ನುಣ್ಣಗೆ ಜಾರುತ್ತದೆ, ಅಗ್ಗದ ನಕಲಿಯದು ಟಿಕ್ ಟಿಕ್ ಎಂದು ಹಾರುತ್ತದೆ. ಅಸಲಿ ಇಟ್ಟುಕೊಂಡ ಗ್ರಾಹಕರಿಗೆ ಅದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ.

ಪೆನ್ನು, ಚೀಲ, ಬೂಟು, ಚಿನ್ನ

ಶಾಖೆಯಲ್ಲಿ ಕೆಲಸ ಮಾಡುವವರು ದುಬಾರಿ ಪೆನ್ನು ಒಯ್ಯಬೇಡಿ. ಮೊಂಬ್ಲಾಂ ಪೆನ್ನಿನ ನಿಬ್ಬಿನ ಮೇಲೆ ಅದೇ ಹೆಸರಿನ ಪರ್ವತದ ಎತ್ತರವನ್ನು ಮೀಟರುಗಳಲ್ಲಿ ಸೂಚಿಸುವ 4810 ಎಂಬ ಅಂಕಿ ಕೊರೆದಿರುತ್ತದೆ ಎಂಬುದು ಚಲನ್ ತುಂಬಲು "ಸಾರ್, ಸ್ವಲ್ಪ ಪೆನ್ನು" ಎಂದು ಕೈಚಾಚುವವರಿಗೆ ತಿಳಿದಿರಬೇಕಾಗಿಲ್ಲ, ಕೊಡುವುದಿಲ್ಲ ಎನ್ನುವುದೂ ಆಗದು. ಕೆಲವು ನೂರು ರೂಪಾಯಿಯ ಪಾರ್ಕರ್ ಸಾಕು, ಜೊತೆಗೆ ಕೌಂಟರಿನಲ್ಲಿ ದಾರ ಕಟ್ಟಿದ ಇನ್ನೊಂದು.

ಚೀಲದಲ್ಲಿ ನೋಡಬೇಕಾದದ್ದು ಬೆಲೆಗಿಂತ ಮುದ್ರೆಯ ಗಾತ್ರ. 1978ರಲ್ಲಿ ಪುದುಚೇರಿಯಲ್ಲಿ ಹುಟ್ಟಿದ ಹೈಡಿಸೈನ್‌ನ ಚರ್ಮದ ಚೀಲ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಸವೆದಷ್ಟೂ ಚೆನ್ನಾಗಿ ಕಾಣುತ್ತದೆ. ಮೈತುಂಬ ಅಕ್ಷರ ಅಚ್ಚಾದ ವಿದೇಶಿ ಚೀಲ ಅದರ ಹತ್ತಿಪ್ಪತ್ತು ಪಟ್ಟು ಬೆಲೆಯದಾದರೂ ಕೆಲಸದ ಜಾಗದಲ್ಲಿ ಅದರ ಹತ್ತನೇ ಒಂದು ಪಾಲು ಗೌರವವನ್ನೂ ತರುವುದಿಲ್ಲ. ಹೆಚ್ಚು ಖರ್ಚು ಮಾಡಿ ಎಂದು ನಾನು ಧಾರಾಳವಾಗಿ ಹೇಳುವುದು ಬೂಟಿಗೆ ಮಾತ್ರ. ಅಟ್ಟೆ ಬದಲಿಸಬಹುದಾದ ಒಳ್ಳೆಯ ಚರ್ಮದ ಜೋಡಿಗೆ ಎಂಟು-ಹತ್ತು ಸಾವಿರ ಕೊಟ್ಟರೂ ಅದನ್ನು ಯಾರೂ ಆಡಂಬರವೆನ್ನುವುದಿಲ್ಲ.

ಚಿನ್ನದ ಲೆಕ್ಕ ವಿಚಿತ್ರ. ಎರಡು ಸವರನ್ನಿನ ಬಳೆ ಲಕ್ಷ ಮೀರುತ್ತದೆ, ಆದರೂ ನಮ್ಮಲ್ಲಿ ಅದು ಮನೆಯವರು ಮಾಡಿಸಿಕೊಟ್ಟದ್ದೆಂದು ಎಲ್ಲರೂ ತಾವಾಗಿಯೇ ಊಹಿಸಿಕೊಳ್ಳುತ್ತಾರೆ. ಅದೇ ಬೆಲೆಯ ಕೈಚೀಲಕ್ಕೆ ಆ ರಿಯಾಯಿತಿ ಇಲ್ಲ. ಹುಡುಗಿಯರಿಗೆ ಇದು ಅನುಕೂಲವೂ ಹೌದು, ಅನ್ಯಾಯವೂ ಹೌದು, ಏಕೆಂದರೆ ತಾನೇ ದುಡಿದು ಕೊಂಡದ್ದಕ್ಕೇ ಹೆಚ್ಚು ಪ್ರಶ್ನೆ ಏಳುತ್ತದೆ.

ಮೂವರಿಗೆ ನಾನು ಬರೆದ ಉತ್ತರ ಹೀಗಿತ್ತು. ದಾವಣಗೆರೆಯವರ ಮುಂದೆ ದಿನವೂ ಬೆಳೆಸಾಲದ ರೈತರೂ ಪಿಂಚಣಿದಾರರೂ ಕೂರುತ್ತಾರೆ; ಅವರಿಗೆ ಐದು ಸಾವಿರದೊಳಗಿನ ಟೈಟನ್ ಸಾಕೆಂದೆ. ಆಡಿಟ್ ಸಂಸ್ಥೆಯವರು ಈ ವಾರ ಒಂದು ಕಂಪನಿಯ ದಾಸ್ತಾನು ಎಣಿಸುತ್ತ ಗೋದಾಮಿನ ಧೂಳಿನಲ್ಲಿ, ಮುಂದಿನ ವಾರ ಇನ್ನೊಂದರ ನಿರ್ದೇಶಕರೆದುರು ಇರುತ್ತಾರೆ. ಗೋದಾಮಿಗೆ ಕ್ಯಾಸಿಯೋ, ಉಳಿದ ದಿನಕ್ಕೆ ಎಡ್ಜ್, ಎರಡೂ ಸೇರಿ ಟಿಸ್ಸೋ ಬೆಲೆಯ ಅರ್ಧವೂ ಆಗದು. ಹುಬ್ಬಳ್ಳಿಯ ಯುವತಿಗೆ ಶಿಕ್ಷಣ ಸಾಲವಿಲ್ಲ, ಬೋನಸ್ ದೊಡ್ಡದು, ಎದುರಿಗೆ ಕೂರುವವರು ಕಂಪನಿಗಳ ಹಣಕಾಸು ಮುಖ್ಯಸ್ಥರು. ಆಕೆಗೆ ಟಿಸ್ಸೋ ಕೊಳ್ಳಿ, ಕಾರ್ಡಿನ ಕಂತಿಲ್ಲದೆ ಒಮ್ಮೆಲೇ ಹಣ ಕೊಟ್ಟು ಕೊಳ್ಳಿ, ಬಿಲ್ಲನ್ನೂ ವಾರಂಟಿ ಕಾರ್ಡನ್ನೂ ಜೋಪಾನವಾಗಿಡಿ ಎಂದು ಬರೆದೆ. ವಾರದ ಬಳಿಕ ಆಕೆಯಿಂದ ಮರುಪತ್ರ ಬಂತು: ಅಂಗಡಿಗೆ ಹೋಗುವ ಮುನ್ನ ಊರಿಗೆ ಹೋಗಿದ್ದಾಗ ಅಜ್ಜಿ ಬೀರುವಿನಿಂದ ತಾತನ ಎಚ್‌ಎಂಟಿ ತೆಗೆದುಕೊಟ್ಟರಂತೆ, ಪಟ್ಟಿ ಹೊಸದು ಹಾಕಿಸಬೇಕು, ಹೆಂಗಸರ ಕೈಗೆ ಎಷ್ಟು ಅಗಲದ್ದು ಒಪ್ಪುತ್ತದೆ ಎಂದು ಕೇಳಿದ್ದರು. ಗಡಿಯಾರಕ್ಕೆ ಪಟ್ಟಿ ಸಿಕ್ಕಿಸುವ ಕೊಂಡಿಗಳ ನಡುವಿನ ಅಂತರವನ್ನು ಅಳೆದು ಅಷ್ಟೇ ಅಗಲದ ಚರ್ಮದ ಪಟ್ಟಿ ಹಾಕಿಸಿ, ಕೀಲಿಯನ್ನು ದಿನವೂ ಒಂದೇ ಹೊತ್ತಿಗೆ ಕೊಡಿ ಎಂದು ತಿಳಿಸಿದ್ದೇನೆ.